ಹಂಡೆ ಬೆಳಗಿದ್ದಾಯ್ತು, ಹೊಗೆ ಕೊಳವೆ ನೋಡಿದಿರಾ?

ನೀರು ತುಂಬುವ ಹಬ್ಬ ಬಂತೆಂದರೆ ನಮ್ಮ ಮಲೆನಾಡಿನ ಕಡೆ ಬಚ್ಚಲುಮನೆಗೆ ಎಲ್ಲಿಲ್ಲದ ಮರ್ಯಾದೆ. ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಳೆಸುತ್ತೇವೆ, ಕೆಮ್ಮಣ್ಣು ಸುಣ್ಣದ ಪಟ್ಟೆ ಎಳೆಯುತ್ತೇವೆ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತೇವೆ. ಅದೇ ಹಂಡೆಯ ಒಲೆಯಿಂದ ಹೊರಟು ಮಾಡು ದಾಟಿ ಹೋಗುವ ಹೊಗೆ ಕೊಳವೆಯೊಳಗೆ ಏನಿದೆ ಅಂತ ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಒಂದು ಜನವರಿ ಸಂಜೆ ಮನೆಗೆ ನೆಂಟರು ಬಂದಿದ್ದರು. ಎಲ್ಲರಿಗೂ ಸ್ನಾನಕ್ಕೆ ಬಿಸಿನೀರು ಬೇಕಲ್ಲ ಅಂತ ಒಲೆಗೆ ಒಣ ಸೋಗೆ, ತೆಂಗಿನ ಗರಿ ತುರುಕಿ ಜೋರು ಉರಿ ಹಾಕಿದೆ. ಹತ್ತು ನಿಮಿಷಕ್ಕೆ ಕೊಳವೆಯೊಳಗಿಂದ ಒಂದು ಶಬ್ದ ಶುರುವಾಯಿತು. ಮಿನಿ ಬಸ್ಸು ಆಗುಂಬೆ ಘಾಟಿ ಹತ್ತುವಾಗ ಬರುತ್ತದಲ್ಲ, ಹಾಗೆ. ನೋಡನೋಡುತ್ತಲೇ ತಗಡಿನ ಪೈಪು ತಿರುವಿನ ಹತ್ತಿರ ಕೆಂಪಗಾಯಿತು, ಮೇಲೆ ಹಂಚಿನ ಮೇಲೆಲ್ಲ ಕಿಡಿ. ಹಂಚು ಹೊರುವ ಮರದಲ್ಲಿ ಎರಡು ಪಕಾಸಿ, ನಾಲ್ಕು ರೀಪು ಸುಟ್ಟು ಹೋದವು. ಅಟ್ಟದಲ್ಲಿ ಆ ವರ್ಷ ಹುಲ್ಲು ಪೇರಿಸಿರಲಿಲ್ಲ, ಅದೊಂದೇ ಪುಣ್ಯ.

ಅವತ್ತಿನಿಂದ ನಾನೇ ಗುಡಿಸುತ್ತೇನೆ. ಕೊಳವೆ ಗುಡಿಸುವುದೇ ಕಸುಬು ಅನ್ನುವವರು ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ. ಚಿಮಣಿ ಅಂದರೆ ನಮ್ಮ ಅಜ್ಜಿಗೆ ಸೀಮೆಎಣ್ಣೆ ಬುಡ್ಡಿಯೇ ಆಗಿತ್ತು. ಹಂಡೆ ಒಲೆ, ಅಡುಗೆಯ ಅಸ್ತ್ರ ಒಲೆ, ಇತ್ತೀಚೆಗೆ ಹೋಂಸ್ಟೇಗಳ ಹಜಾರದಲ್ಲಿ ಕಟ್ಟಿಸುತ್ತಿರುವ ಫೈರ್‌ಪ್ಲೇಸ್, ಮೂರಕ್ಕೂ ಕೆಲಸ ಹೆಚ್ಚುಕಮ್ಮಿ ಒಂದೇ.

ಒಳಗೆ ಕೂತಿರುವುದು ಏನು

ಬರೀ ಮಸಿಯಾದರೆ ಚಿಂತೆ ಇಲ್ಲ. ಕಟ್ಟಿಗೆ ಹಸಿ ಇದ್ದಾಗ, ಅಥವಾ ಗಾಳಿ ಸಾಲದೆ ಬೆಂಕಿ ಹೊಗೆಯಾಡುತ್ತಾ ಕೂತಾಗ, ಕಟ್ಟಿಗೆಯೊಳಗಿನ ಎಣ್ಣೆ ಟಾರು ಎಲ್ಲ ಪೂರ್ತಿ ಉರಿಯದೆ ಹೊಗೆಯ ಜೊತೆ ಮೇಲೆ ಹೋಗುತ್ತವೆ. ಮೇಲೆ ಕೊಳವೆ ತಣ್ಣಗಿರುತ್ತದೆ. ಅಲ್ಲಿ ಅವು ಇಬ್ಬನಿ ಕೂತ ಹಾಗೆ ಕೂರುತ್ತವೆ. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಹೊತ್ತಿಕೊಳ್ಳುವುದು ಇದೇ. ಹೊತ್ತಿದರೆ ಕೊಳವೆಯೊಳಗೆ ಬಿಸಿ 1000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು.

ಹಂಡೆ ಒಲೆಯಲ್ಲಿ ಇದು ಯಾಕೆ ಜಾಸ್ತಿ ಅಂದರೆ, ಒಂದು, ಉರಿಯ ಮೇಲೆಯೇ ಅಷ್ಟು ದೊಡ್ಡ ತಣ್ಣೀರಿನ ಪಾತ್ರೆ ಕೂತಿದೆ, ಹೊಗೆ ಅಲ್ಲೇ ತಣಿಯುತ್ತದೆ. ಎರಡು, ರಾತ್ರಿ ಒಂದು ದಪ್ಪ ಕೊರಡು ತಳ್ಳಿ ಮಲಗುವ ನಮ್ಮ ಅಭ್ಯಾಸ. ಬೆಳಗ್ಗೆ ಎದ್ದಾಗ ಬಿಸಿನೀರೇನೋ ಇರುತ್ತದೆ, ಆದರೆ ಇಡೀ ರಾತ್ರಿ ಅದು ಉರಿದಿರುವುದಿಲ್ಲ, ಹೊಗೆದಿರುತ್ತದೆ.

ಇದು ಮೂರು ಥರ ಇರುತ್ತದೆ. ಪುಡಿಪುಡಿ ಇಲ್ಲಣದ ಹಾಗೆ ಉದುರುವುದು ಮೊದಲನೆಯದು, ಬ್ರಷ್ ತಾಗಿಸಿದರೆ ಸಾಕು. ಎರಡನೆಯದು ಕಪ್ಪು ಚಕ್ಕೆ, ಹೊಳಪಿರುತ್ತದೆ, ತಂತಿ ಬ್ರಷ್‌ನಲ್ಲಿ ಕೆರೆದರೆ ಬರುತ್ತದೆ. ಮೂರನೆಯದು ಕೊಪ್ಪರಿಗೆಯ ತಳದಲ್ಲಿ ಸೀದು ಗಟ್ಟಿಯಾದ ಜೋನಿಬೆಲ್ಲ ಇದ್ದ ಹಾಗೆ, ಗಾಜಿನಂತೆ ಅಂಟಿಕೊಂಡಿರುತ್ತದೆ. ಇದು ಬ್ರಷ್‌ಗೆ ಬಗ್ಗುವುದಿಲ್ಲ. ತಗಡಿನ ಪೈಪಿನಲ್ಲಿ ಇದು ಕಂಡರೆ ಕೆರೆಯುತ್ತಾ ಕೂರಬೇಡಿ, ಆ ತುಂಡು ಬಿಚ್ಚಿ ಹೊಸದು ಹಾಕಿಸಿ. ಇಟ್ಟಿಗೆ ಕೊಳವೆಯಾದರೆ ಕೆಲಸ ಗೊತ್ತಿರುವ ಮೇಸ್ತ್ರಿಯನ್ನೇ ಕರೆಸಬೇಕು. "ಒಂದು ಸಲ ಜೋರು ಬೆಂಕಿ ಕೊಟ್ಟುಬಿಡು, ಎಲ್ಲ ಸುಟ್ಟು ಹೋಗುತ್ತದೆ" ಅನ್ನುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ನಾನು ಆ ಜನವರಿಯಲ್ಲಿ ಗೊತ್ತಿಲ್ಲದೆ ಮಾಡಿದ್ದು ಅದನ್ನೇ.

ಯಾವಾಗ

ಚಳಿ ದೇಶದವರು ಬರೆದದ್ದನ್ನು ಓದಿದರೆ ಚಳಿಗಾಲ ಮುಗಿದ ಮೇಲೆ ಗುಡಿಸಿ ಅಂತ ಇರುತ್ತದೆ. ಅವರಿಗೆ ಒಲೆ ಉರಿಯುವುದು ಚಳಿಗಾಲದಲ್ಲಿ ಮಾತ್ರ. ನಮ್ಮದು ಹಾಗಲ್ಲ. ಮಲೆನಾಡಿನಲ್ಲಿ ಕೊಳವೆ ಕೆಡುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರೆಹಸಿ ಕಟ್ಟಿಗೆ, ಹೊಗೆಯಾಡುವ ಅಡಿಕೆ ಸಿಪ್ಪೆ, ಮೇಲಿಂದ ಥಂಡಿ. ಆ ನಾಲ್ಕು ತಿಂಗಳ ಪಾಪವೆಲ್ಲ ಕೊಳವೆಯಲ್ಲಿ ಕೂತಿರುತ್ತದೆ. ಚಳಿ ಶುರುವಾಗಿ ಒಣ ಕಟ್ಟಿಗೆ ಸಿಕ್ಕಿ ಜೋರು ಉರಿ ಹಾಕಿದ ದಿನ ಅದಕ್ಕೆ ಕಿಡಿ ತಾಗುತ್ತದೆ. ಹಾಗಾಗಿ ಮೊದಲ ಗುಡಿಸುವಿಕೆ ದೀಪಾವಳಿಗೆ ಮುಂಚೆ, ಹಂಡೆ ಇಳಿಸಿದ ದಿನವೇ. ಒಲೆ ಹೇಗೂ ಆರಿರುತ್ತದೆ, ಹಂಡೆ ಹೇಗೂ ಪಕ್ಕಕ್ಕಿರುತ್ತದೆ. ಎರಡನೆಯದು ಅಡಿಕೆ ಬೇಯಿಸುವ ಗಲಾಟೆ ಮುಗಿದ ಮೇಲೆ, ಜನವರಿ ಕೊನೆಗೆ.

ಇನ್ನು ಮಳೆಗೆ ಮುಂಚೆ, ಮೇ ತಿಂಗಳಲ್ಲಿ ಒಂದು ಸಲ ತಟ್ಟಿ ಉದುರಿಸಿಬಿಟ್ಟರೆ ಪೈಪಿಗೂ ಆಯಸ್ಸು. ಮಸಿಗೆ ನೀರು ಸೇರಿದರೆ ಹುಳಿಯಾಗಿ ತಗಡು ತಿನ್ನುತ್ತದೆ.

ಗುಡಿಸುವ ಕಾಲ ಬಂದಿದೆಯಾ ಅಂತ ತಿಳಿಯಲು ಮೊಬೈಲ್ ಸಾಕು. ಟಾರ್ಚ್ ಹಾಕಿ, ವಿಡಿಯೋ ಒತ್ತಿ, ಒಲೆಯ ಹಿಂದಿನ ಕಿಂಡಿಯಿಂದ ಕೈ ಒಳಗೆ ಹಾಕಿ ಮೇಲ್ಮುಖ ಹಿಡಿಯಿರಿ. ಒಲೆ ಪೂರ್ತಿ ತಣ್ಣಗಿರಲಿ, ಮೊಬೈಲ್ ನಿಮ್ಮದು! ಗೋಡೆಗೆ ಅಂಟಿದ್ದನ್ನು ಒಂದು ಮೊಳೆಯಿಂದ ಗೀರಿ ನೋಡಿ. ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿದಷ್ಟು ದಪ್ಪ, ಅಂದರೆ ಸುಮಾರು 3 ಮಿಲಿಮೀಟರ್ ಇದ್ದರೆ ಮುಂದಿನ ವಾರ ಅನ್ನಬೇಡಿ. ಗಾಜಿನ ಥರದ್ದಾದರೆ ದಪ್ಪ ಅಳೆಯುವುದೇ ಬೇಡ.

ಸಾಮಾನು

ಕೊಳವೆಯ ಅಳತೆಗೆ ಸರಿಯಾದ ದುಂಡು ಬ್ರಷ್ ಮುಖ್ಯ. ಇಟ್ಟಿಗೆ ಕೊಳವೆಗೆ ತಂತಿಯದು, ಸ್ಟೀಲ್ ಪೈಪಿಗೆ ನೈಲಾನ್‌ದು. ಒಂದಕ್ಕೊಂದು ತಿರುಪಿ ಜೋಡಿಸುವ ಬಗ್ಗುವ ಸರಳುಗಳ ಜೊತೆ ಸೆಟ್ಟಾಗಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ನೇರ ಕೊಳವೆಯಾದರೆ ಅಷ್ಟೂ ಬೇಡ. ನಾನು ಮೊದಲ ಎರಡು ವರ್ಷ ಸಣ್ಣ ಬಿದಿರು ಗಳದ ತುದಿಗೆ ತೆಂಗಿನ ಕಡ್ಡಿ ಪೊರಕೆಯನ್ನು ತಂತಿಯಲ್ಲಿ ಬಿಗಿದು ಕೆಲಸ ಮಾಡಿದ್ದೇನೆ. ಪುಡಿ ಮಸಿಗೆ ಅದು ಚೆನ್ನಾಗಿಯೇ ಆಗುತ್ತದೆ, ಚಕ್ಕೆಗೆ ಆಗುವುದಿಲ್ಲ.

ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ, ತಲೆಗೆ ಬಟ್ಟೆ, ತುಂಬುತೋಳಿನ ಹಳೇ ಅಂಗಿ. ಟವೆಲ್ ಕಟ್ಟಿಕೊಂಡರೆ ಸಾಕು ಅನ್ನುವುದು ಸುಳ್ಳು, ಮಸಿ ಅದರೊಳಗೆ ನುಸುಳುತ್ತದೆ. 1775ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅಲ್ಲಿನ ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೂ ಚರ್ಮಕ್ಕೆ ಅಂಟಿದ ಮಸಿಗೂ ಸಂಬಂಧ ಇದೆ ಅಂತ ಬರೆದಿದ್ದ. ವರ್ಷಕ್ಕೆರಡು ಸಲ ಮಾಡುವ ನಮಗೆ ಅಷ್ಟು ಹೆದರಿಕೆ ಬೇಡ, ಆದರೆ ಕೆಲಸ ಮುಗಿದ ತಕ್ಷಣ ಸೋಪು ಹಚ್ಚಿ ತೊಳೆಯುವುದು ಬೇಕೇ ಬೇಕು.

ಒಂದು ಎಚ್ಚರ. ಹಳೇ ಒಲೆಗಳಿಗೆ, ಅದರಲ್ಲೂ ಅಸ್ತ್ರ ಒಲೆಗಳಿಗೆ, ಬೂದು ಬಣ್ಣದ ಸಿಮೆಂಟ್ ಪೈಪು ಹಾಕಿರುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಿಂದ ಬಂದ ಒಲೆ ಅದು, ಮೂರು ಪಾತ್ರೆ ಕೂರುತ್ತವೆ, ಒಲೆಯ ಬಗ್ಗೆ ನನ್ನ ದೂರೇನೂ ಇಲ್ಲ. ದೂರು ಪೈಪಿನ ಬಗ್ಗೆ. ಅದು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಪೈಪಾಗಿದ್ದರೆ ತಂತಿ ಬ್ರಷ್ ಹಾಕಬೇಡಿ, ಗರಗಸ ಹಾಕಬೇಡಿ, ಒಣಗಿದ್ದಾಗ ಒಡೆಯಬೇಡಿ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ಸ್ಟೀಲ್ ಪೈಪು ಹಾಕಿಸಿ.

ಗುಡಿಸುವುದು

ಹಿಂದಿನ ದಿನವೇ ಒಲೆ ಆರಿಸಿ. ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುವುದುಂಟು, ಕೆದಕಿ ನೋಡಿ. ಬೂದಿ ತೆಗೆದು ಒಲೆಯ ಬಾಯಿಗೆ ಒದ್ದೆ ಗೋಣಿಚೀಲ ಇಳಿಬಿಡಿ, ಸರಳು ಹೋಗುವಷ್ಟು ತೂತು ಇರಲಿ. ಫೈರ್‌ಪ್ಲೇಸ್ ಆದರೆ ಹಳೇ ಬೆಡ್‌ಶೀಟನ್ನು ಟೇಪಿನಿಂದ ಸುತ್ತ ಅಂಟಿಸಿ, ಸೋಫಾ ಹೊರಗಿಡಿ, ಫ್ಯಾನ್ ಆರಿಸಿ. ಫ್ಯಾನ್ ಆರಿಸುವುದನ್ನು ನಾನು ಒಂದು ಸಲ ಮರೆತಿದ್ದೆ, ಗೋಡೆಗೆ ಎರಡು ಕೋಟು ಸುಣ್ಣ ಹೊಡೆಸಬೇಕಾಯಿತು.

ಮೇಲಿಂದ ಗುಡಿಸುವುದಾ, ಕೆಳಗಿಂದಲಾ? ಪುಸ್ತಕದ ಪ್ರಕಾರ ಎರಡೂ ಸರಿ. ಮಲೆನಾಡಿನ ಪ್ರಕಾರ ಕೆಳಗಿಂದಲೇ. ಮಳೆ ನಿಂತು ತಿಂಗಳಾದರೂ ಹಂಚಿನ ಮೇಲೆ ಹಾವಸೆ ಇರುತ್ತದೆ, ಬೆಳಗ್ಗೆ ಇಬ್ಬನಿ ಬೇರೆ. ಕಾಲಿಟ್ಟಲ್ಲಿ ಹಂಚು ಒಡೆಯುತ್ತದೆ, ಇಲ್ಲವೇ ನೀವು ಜಾರುತ್ತೀರಿ. ಹತ್ತಲೇಬೇಕು ಅಂದರೆ ಬಿಸಿಲೇರಿ ಹಂಚು ಒಣಗಿದ ಮೇಲೆ, ಏಣಿ ಹಿಡಿಯಲು ಒಬ್ಬರು ಇದ್ದಾಗ, ಪಕಾಸಿಯ ಮೇಲೆ ಭಾರ ಬೀಳುವ ಹಾಗೆ ಹಲಗೆ ಹಾಕಿಕೊಂಡು ಹತ್ತಿ.

ಬ್ರಷ್‌ಗೆ ಮೊದಲ ಸರಳು ಬಿಗಿದು ಕೊಳವೆಯೊಳಗೆ ತೂರಿಸಿ. ಎರಡು ಅಡಿ ಮೇಲೆ, ಒಂದಡಿ ಕೆಳಗೆ, ಹೀಗೆ ಎಳೆದಾಡುತ್ತಾ ಹೋಗಿ, ಸರಳು ಮುಗಿದ ಹಾಗೆ ಇನ್ನೊಂದು ಜೋಡಿಸಿ. ತಿರುಗಿಸುವುದಾದರೆ ಬಲಕ್ಕೆ ಮಾತ್ರ, ಗಡಿಯಾರದ ಮುಳ್ಳಿನ ದಿಕ್ಕಿಗೆ. ಎಡಕ್ಕೆ ತಿರುಗಿಸಿದಿರೋ, ಸರಳಿನ ತಿರುಪು ಬಿಚ್ಚಿಕೊಂಡು ಬ್ರಷ್ ಮೇಲೆಯೇ ಉಳಿಯುತ್ತದೆ. ಆಮೇಲೆ ಅದನ್ನು ತೆಗೆಯುವ ಕಷ್ಟ ಬೇಡ. ತುದಿ ಮುಟ್ಟಿದ್ದು ಗೊತ್ತಾಗಲು ಹೊರಗೆ ಒಂದು ಹುಡುಗನನ್ನು ನಿಲ್ಲಿಸಿ, ಬ್ರಷ್ ಆಚೆ ಇಣುಕಿದಾಗ ಕೂಗಲಿ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಮಕ್ಕಳಲ್ಲಿ ಜಗಳವೇ ಆಗುತ್ತದೆ.

ತಿರುವು ಇರುವ ತಗಡಿನ ಪೈಪಿಗೆ ಬೇರೆ ದಾರಿ. ತಿರುವಿನಲ್ಲೇ ಜಾಸ್ತಿ ಕೂರುತ್ತದೆ, ಬ್ರಷ್ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಹಾಗಾಗಿ ಪೈಪನ್ನು ಬಿಚ್ಚುವುದೇ ಸರಿ. ಬಿಚ್ಚುವ ಮುಂಚೆ ಪ್ರತಿ ಜೋಡಣೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಂದು, ಎರಡು ಅಂತ ಬರೆದಿಡಿ. ಎರಡೂ ತುದಿಗೆ ಚೀಲ ಕಟ್ಟಿ ಅಂಗಳಕ್ಕೆ ಒಯ್ದು ಮರದ ತುಂಡಿನಿಂದ ತಟ್ಟಿ. ವಾಪಸ್ ಹಾಕುವಾಗ ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕು. ಉಲ್ಟಾ ಹಾಕಿದರೆ ಕರಗಿದ ಟಾರು ಜೋಡಣೆಯಿಂದ ಹೊರಗೆ ಸೋರಿ ಗೋಡೆಯುದ್ದಕ್ಕೂ ಕಂದು ಗೆರೆ ಇಳಿಯುತ್ತದೆ. ಎಷ್ಟೋ ಮನೆಗಳ ಬಚ್ಚಲಲ್ಲಿ ಈ ಗೆರೆ ನೋಡಿದ್ದೇನೆ.

ಕೊನೆಗೆ ಮೇಲಿನ ಟೊಪ್ಪಿ. ಟೊಪ್ಪಿ ಇಲ್ಲದಿದ್ದರೆ ಮಳೆ, ತರಗೆಲೆ, ಅಳಿಲು ಎಲ್ಲ ಒಳಗೆ. ಸುತ್ತ ಜಾಲರಿ ಇರಲಿ, ಆದರೆ ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನದು ಬೇಡ, ಎರಡೇ ತಿಂಗಳಿಗೆ ಮಸಿ ಕಟ್ಟಿ ಮುಚ್ಚುತ್ತದೆ. ಬೆರಳು ತೂರುವಷ್ಟು ಕಣ್ಣು ಸಾಕು. ಮಂಗಗಳು ಕಿತ್ತು ಎಸೆಯದ ಹಾಗೆ ನಟ್ಟು ಬೋಲ್ಟಿನಿಂದಲೇ ಬಿಗಿಸಿ, ತಂತಿ ಕಟ್ಟಿದ್ದು ಒಂದು ವಾರವೂ ನಿಲ್ಲುವುದಿಲ್ಲ. ಬಹಳ ದಿನ ಉರಿಸದ ಕೊಳವೆಯಲ್ಲಿ ತುಡುವೆ ಜೇನು ಕೂತಿರುವುದೂ ಉಂಟು. ಕಿವಿ ಇಟ್ಟು ಕೇಳಿ. ಗುಂಯ್‌ಗುಡುತ್ತಿದ್ದರೆ ಬೆಂಕಿ ಹಾಕಬೇಡಿ, ಜೇನು ಸಾಕುವವರಿಗೆ ಹೇಳಿ ಕಳಿಸಿ, ಖುಷಿಯಿಂದ ಬಂದು ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾರೆ.

ಮಾಡು ದಾಟುವ ಜಾಗ

ಮನೆಗೆ ಬೆಂಕಿ ಬೀಳುವುದು ಕೊಳವೆಯಿಂದಲ್ಲ, ಕೊಳವೆ ಪಕಾಸಿಗೆ ತಾಗುವ ಜಾಗದಿಂದ. ಒಂದೇ ಪದರದ ತಗಡಿನ ಪೈಪಾದರೆ ಸುತ್ತ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ, ಮರವಾಗಲಿ ದಬ್ಬೆಯಾಗಲಿ ಇರಬಾರದು. ಹಳೇ ಮನೆಗಳಲ್ಲಿ ಇಷ್ಟು ಜಾಗ ಬಿಟ್ಟವರು ಕಡಿಮೆ. ಪಕಾಸಿ ಕತ್ತರಿಸಿ ಅಡ್ಡಪಟ್ಟಿ ಕೊಡಿಸಿ, ಮಾಡು ದಾಟುವಲ್ಲಿ ಎರಡು ಪದರದ, ನಡುವೆ ಶಾಖ ತಡೆಯುವ ಕಲ್ಲುಣ್ಣೆ (ರಾಕ್‌ವೂಲ್) ತುಂಬಿದ ಪೈಪು ಹಾಕಿಸಿ. ಅಟ್ಟದಲ್ಲಿ ಅದರ ಪಕ್ಕ ಹುಲ್ಲು, ಹಾಳೆ, ಗೋಣಿಚೀಲ ಪೇರಿಸುವುದನ್ನು ಇವತ್ತೇ ನಿಲ್ಲಿಸಿ. ಕೊಳವೆ ಹಂಚಿನಿಂದ ಮೂರಡಿಯಾದರೂ ಮೇಲೆ ಇರಲಿ, ಹತ್ತಡಿ ಒಳಗೆ ಮಾಡಿನ ಎತ್ತರದ ಭಾಗ ಏನಾದರೂ ಇದ್ದರೆ ಅದಕ್ಕಿಂತ ಎರಡಡಿ ಮೇಲೆ. ಇಲ್ಲದಿದ್ದರೆ ಗಾಳಿ ಹೊಗೆಯನ್ನು ಕೆಳಕ್ಕೆ ಒತ್ತುತ್ತದೆ.

ಫೈರ್‌ಪ್ಲೇಸ್ ಕಟ್ಟಿಸಿದವರಿಗೆ

ನಾನೂ ಒಂದು ಕಟ್ಟಿಸಿದೆ, ಚಂದಕ್ಕೆ. ಮೇಸ್ತ್ರಿ ಮೂರೂವರೆ ಅಡಿ ಅಗಲ, ಮೂರಡಿ ಎತ್ತರದ ಬಾಯಿ ಕಟ್ಟಿ ಮೇಲೆ ಆರಿಂಚಿನ ಪೈಪು ಇಟ್ಟು ಹೋದರು. ಮೊದಲ ದಿನವೇ ಹೊಗೆಯೆಲ್ಲ ಹಜಾರಕ್ಕೆ. ಲೆಕ್ಕ ಸುಲಭ: ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ಕೊಳವೆಯ ಅಡ್ಡಗಾತ್ರ ಇರಬೇಕು. ನನ್ನ ಬಾಯಿ 1,512 ಚದರ ಇಂಚು, ಪೈಪು ಬರೀ 28. ಐವತ್ತನೇ ಒಂದು ಪಾಲೂ ಇಲ್ಲ! ಕೊನೆಗೆ ಇಟ್ಟಿಗೆ ಕಟ್ಟಿಸಿ ಬಾಯಿಯನ್ನು 24 ಇಂಚಿಗೆ 20 ಇಂಚು ಮಾಡಿ, ಎಂಟಿಂಚಿನ ಪೈಪು ಹಾಕಿಸಿದೆ. ಈಗ ಸರಿಯಾಗಿ ಎಳೆಯುತ್ತದೆ. ಕಟ್ಟಿಸುವ ಮುಂಚೆ ಕಾಗದದ ಮೇಲೆ ಗುಣಿಸಿ ನೋಡಿ, ಕಟ್ಟಿಸಿದ ಮೇಲೆ ಅಳಬೇಡಿ.

ಬೆಂಕಿ ಹಾಕುವ ಮುಂಚೆ ಡ್ಯಾಂಪರ್, ಅಂದರೆ ಕೊಳವೆ ಮುಚ್ಚುವ ತಗಡಿನ ಬಾಗಿಲು, ತೆಗೆದಿದೆಯಾ ನೋಡಿ, ಕಿಟಕಿ ಎರಡು ಬೆರಳಷ್ಟು ತೆರೆಯಿರಿ. ಚಳಿ ರಾತ್ರಿ ಕೊಳವೆಯೊಳಗೆ ತಣ್ಣನೆ ಗಾಳಿ ಗಟ್ಟಿಯಾಗಿ ಕೂತಿರುತ್ತದೆ. ಒಂದು ಹಾಳೆ ಪೇಪರ್ ಸುರುಳಿ ಮಾಡಿ ಹಚ್ಚಿ ಮೇಲೆ ಹಿಡಿದರೆ ಅದು ಹೊರಟುಹೋಗಿ ದಾರಿ ಬಿಡುತ್ತದೆ. ಸಂಶಯ ಇದ್ದರೆ ಊದುಬತ್ತಿ ಹಿಡಿದು ನೋಡಿ, ಹೊಗೆ ಒಳಕ್ಕೆ ಹೋಗಬೇಕು, ನಿಮ್ಮ ಮುಖಕ್ಕಲ್ಲ. ನಿಜ ಹೇಳಬೇಕೆಂದರೆ ತೆರೆದ ಫೈರ್‌ಪ್ಲೇಸಿನ ಬಿಸಿಯಲ್ಲಿ ಬಹುಪಾಲು ಆಕಾಶಕ್ಕೇ ಹೋಗುತ್ತದೆ. ಬೆಚ್ಚಗಾಗಬೇಕಾದರೆ ಬಚ್ಚಲ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂರುವುದೇ ವಾಸಿ.

ಕಟ್ಟಿಗೆ

ಎಷ್ಟು ಗುಡಿಸಿದರೂ ಹಸಿ ಕಟ್ಟಿಗೆ ಹಾಕಿದರೆ ಮತ್ತೆ ಅದೇ ಕಥೆ. ನೀರಿನಂಶ ನೂರಕ್ಕೆ 20ರ ಒಳಗಿರಬೇಕು. ಮೀಟರ್ ಬೇಡ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ತುದಿಯಲ್ಲಿ ಬಿರುಕು ಇರಬೇಕು, ಉರಿಯುವಾಗ ತುದಿಯಿಂದ ನೊರೆ ಬಂದು ಸುಂಯ್ ಅನ್ನಬಾರದು. ಶಿವರಾತ್ರಿಯೊಳಗೆ ಸೀಳಿ ಬೇಸಿಗೆಯಿಡೀ ಬಿಸಿಲು ತೋರಿಸಿ, ಮಳೆ ಹಿಡಿಯುವ ಮುಂಚೆ ಕೊಟ್ಟಿಗೆಗೆ ಸೇರಿಸಿದ್ದು ಮಾತ್ರ ಮುಂದಿನ ಚಳಿಗೆ ಒಣ ಕಟ್ಟಿಗೆ. ದಿಮ್ಮಿಯನ್ನು ಸೀಳದೆ ಎರಡು ವರ್ಷ ಇಟ್ಟರೂ ಒಳಗೆ ಹಸಿಯೇ.

ಅಕೇಶಿಯಾ, ಮತ್ತಿ ಒಳ್ಳೆಯವು. ಕಾಡುಗೇರು ಜಾತಿಯದು, ಕಣಗಿಲೆ ಒಲೆಗೆ ಬೇಡ, ಹೊಗೆಯೇ ತೊಂದರೆ ಕೊಡುತ್ತದೆ. ಬಣ್ಣ ಹಚ್ಚಿದ ಮರ, ಪ್ಲೈವುಡ್, ಹಾಲಿನ ಪ್ಯಾಕೆಟ್, ಟಯರ್ ತುಂಡು ಹಾಕಿ ಬೆಂಕಿ ಹೊತ್ತಿಸುವುದೂ ಬೇಡ. ಕಾಡಿನಿಂದ ಕಟ್ಟಿಗೆ ತರಗೆಲೆ ತರುವವರು ಡಿಸೆಂಬರ್‌ನಿಂದ ಮೇವರೆಗೆ ಹುಷಾರು, ಅದು ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಉಣುಗು ಹತ್ತಿದೆಯಾ ಅಂತ ಮೈ ನೋಡಿಕೊಳ್ಳಿ.

ಕೆಂಡ, ಬೂದಿ, ಬೆಂಕಿ

ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಬಾಣಂತಿ ಕೋಣೆಯಲ್ಲಂತೂ ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಎಚ್ಚರವೇ ಆಗದ ನಿದ್ದೆ. ಕಟ್ಟಿಕೊಂಡ ಕೊಳವೆಯೂ ಇದೇ ಕೆಲಸ ಮಾಡುತ್ತದೆ. ಒಲೆ ಉರಿಯುವಾಗ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಥಂಡಿ ಅಂದುಕೊಳ್ಳಬೇಡಿ, ಎಲ್ಲರೂ ಹೊರಗೆ ಬನ್ನಿ.

ಬೂದಿಯನ್ನು ಮುಚ್ಚಳ ಇರುವ ತಗಡಿನ ಡಬ್ಬಿಗೆ ತುಂಬಿ ಮನೆಯಿಂದ ದೂರ ಇಡಿ, ಪ್ಲಾಸ್ಟಿಕ್ ಬುಟ್ಟಿಗಲ್ಲ. ತಣ್ಣಗಾದ ಮೇಲೆ ತೋಟಕ್ಕೆ ಎರಚಿ, ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ಕೊಳವೆಯ ಮಸಿ ಮಾತ್ರ ಅದರ ಜೊತೆ ಸೇರಿಸಬೇಡಿ.

ಕೊಳವೆಗೆ ಬೆಂಕಿ ಹತ್ತಿಯೇಬಿಟ್ಟರೆ ಮೊದಲು ಮಕ್ಕಳು ಮುದುಕರನ್ನು ಅಂಗಳಕ್ಕೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿಸಿ. ಒಲೆಯೊಳಗಿನ ಉರಿಯ ಮೇಲೆ ಒಣ ಮರಳು ಸುರಿದು ಬಾಯಿಯನ್ನು ತಗಡಿನಿಂದ ಮುಚ್ಚಿ, ಗಾಳಿ ಸಿಗದಿದ್ದರೆ ಬೆಂಕಿ ಸೋಲುತ್ತದೆ. ಕೊಳವೆಯೊಳಗೆ ನೀರು ಹೊಯ್ಯಬೇಡಿ, ಕಾದ ಇಟ್ಟಿಗೆ ಸಿಡಿಯುತ್ತದೆ, ಹಬೆ ನಿಮ್ಮ ಮೇಲೆಯೇ ಬರುತ್ತದೆ. ತೋಟದ ಪಂಪಿದ್ದರೆ ಅಂಗಳದಿಂದಲೇ ಸುತ್ತಲಿನ ಹಂಚು ತೋಯಿಸಿ. ಆರಿದ ಮೇಲೂ ಅಟ್ಟದ ಮರ ಮುಟ್ಟಿ ಮುಟ್ಟಿ ನೋಡುತ್ತಿರಿ. ಪೂರ್ತಿ ಪರೀಕ್ಷೆ ಮಾಡಿಸುವವರೆಗೆ ಮತ್ತೆ ಒಲೆ ಹಚ್ಚಬೇಡಿ.

ಇನ್ನೊಂದು ಹೇಳುವುದು ಮರೆತೆ. ಗುಡಿಸುವ ದಿನ ಒಲೆ ಆರಿರುತ್ತದೆ ಅಲ್ವಾ, ಹಂಡೆ ಬೇರೆ ಖಾಲಿ. ತಲೆಯಿಂದ ಕಾಲಿನವರೆಗೆ ಮಸಿಯಾಗಿ ಬಚ್ಚಲಲ್ಲಿ ನಿಂತಾಗ ಬಿಸಿನೀರು ಇಲ್ಲ ಅಂತ ನೆನಪಾಗುತ್ತದೆ. ಗ್ಯಾಸಿನ ಮೇಲೆ ಒಂದು ದೊಡ್ಡ ಪಾತ್ರೆ ನೀರು ಮೊದಲೇ ಕಾಯಿಸಿಡಿ.